ಕಿಟಕಿಗೆ ಬಿಳಿ ದುಪ್ಪಟಿ

ವೆಂಡ್ಲಾಳ ಮನೆಯ ಎರಡು ಕಿಟಕಿಗಳಿಗೂ ಬಿಳಿ ದುಪ್ಪಟಿ ಬಿದ್ದದ್ದು ಬೆಳಿಗ್ಗೆ ಆರಕ್ಕೆ. ಎಂಟಾಗುವಷ್ಟರಲ್ಲಿ ಅವಳು ಸತ್ತಿದ್ದಾಳೆಂದು ಊರೆಲ್ಲ ನಂಬಿತ್ತು.

ತಪ್ಪು ಅವಳದೇ. ಜುಲೈ ತಿಂಗಳ ಬಿಸಿಲು ಚಿತ್ರದ ಹಸಿ ಬಣ್ಣದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಕೈಗೆ ಸಿಕ್ಕಿದ ದುಪ್ಪಟಿಗಳಿಗೆ ಮೊಳೆ ಹೊಡೆದು ಇಳಿಬಿಟ್ಟಳು. ದಾಲಾರ್ನಾ ಸೀಮೆಯ ಈ ಹಳ್ಳಿಯಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ಹೆಣವಿದ್ದರೆ ಮಾತ್ರ ಕಿಟಕಿಗೆ ಬಿಳಿ ಬಟ್ಟೆ ಕಟ್ಟುತ್ತಾರೆಂಬುದನ್ನು ಮರೆಯಬಹುದೇ? ಮರೆತಳು. ಚಿತ್ರ ಬರೆಯಲು ನಿಂತರೆ ಊಟವನ್ನೇ ಮರೆಯುವವಳಿಗೆ ಊರಿನ ರೂಢಿ ಯಾವ ಲೆಕ್ಕ.

ಹೊರಗೆ ಸದ್ದಾಯಿತೆಂದು ಬಾಗಿಲು ತೆರೆದರೆ ಪಕ್ಕದ ಮನೆಯ ಮುದುಕಿ ಕೆರ್ಸ್ತಿ. ಗೇಟಿನಿಂದ ಬಾಗಿಲವರೆಗೆ ಸ್ಪ್ರೂಸ್ ಮರದ ಸೊಪ್ಪು ಚೆಲ್ಲುತ್ತಾ ಅಳುತ್ತಿದ್ದಾಳೆ. ಹೆಣ ಹೊರಡುವ ದಾರಿಗೆ ಹಾಕುವ ಸೊಪ್ಪು ಅದು.

“ಅಯ್ಯೋ ದೇವರೇ!” ಬುಟ್ಟಿ ಕೆಳಗೆ ಬಿತ್ತು. “ಸತ್ತಿಲ್ವೇನೇ ನೀನು?”

“ಇನ್ನೂ ಇಲ್ಲ, ಕೆರ್ಸ್ತಿ ಅತ್ತೆ.”

“ಮತ್ತೆ ಈ ದುಪ್ಪಟಿ? ಇನ್ಯಾರು ಸತ್ರು? ಇರೋದೇ ನೀನೊಬ್ಳು!”

“ಬಿಸಿಲಿಗೆ ಕಟ್ಟಿದ್ದು.”

“ಬಿಸಿಲಿಗಂತೆ! ವರ್ಷಕ್ಕೆ ನಾಲ್ಕು ದಿನ ಬರೋ ಬಿಸಿಲನ್ನೂ ಮುಚ್ಚೋ ಮಹಾರಾಣಿ! ನಿನ್ನ ಸಾವಿನ ಊಟಕ್ಕೆ ಅಂತ ಒಲೇಲಿ ಬನ್ನು ಇಟ್ಟು ಬಂದಿದೀನಿ ಕಣೇ. ನಮ್ಮೆಜಮಾನ್ರು ನಿಮ್ಮಪ್ಪಂಗೆ ಹೇಳೋಕೆ ದೋಣಿ ಹಾಕ್ಕೊಂಡು ಹೋಗೇಬಿಟ್ರು. ತೆಗಿ ಅದನ್ನ, ಮೊದಲು ತೆಗಿ!”

ದುಪ್ಪಟಿಯ ಅಂಚಿಗೆ ಹೋಗಿದ್ದ ವೆಂಡ್ಲಾಳ ಕೈ ಅಲ್ಲೇ ನಿಂತಿತು.

ಅಪ್ಪ ಮಾಟ್ಸ್ ಇದ್ದದ್ದು ಸರೋವರದ ಆಚೆ ದಡದಲ್ಲಿ. ಪೆಟ್ಟಿಗೆ, ಕಪಾಟುಗಳ ಮೇಲೆ ಹೂಬಳ್ಳಿ ಬರೆಯುವವನು. ಮಗಳ ಕೈಗೆ ಮೊದಲ ಕುಂಚ ಕೊಟ್ಟವನೂ ಅವನೇ. ಅವಳು ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದು ಅಪ್ಪನಿಗೇ ಹಸಿರು ಕೆನ್ನೆ, ಚೌಕ ಮೂಗು ಬರೆದಳು. ಆ ಚಿತ್ರ ಸ್ಟಾಕ್‌ಹೋಮಿನ ಪ್ರದರ್ಶನಕ್ಕೆ ಹೋಯಿತು, ಪತ್ರಿಕೆಗೆ ಬಂತು, ಚರ್ಚಿನ ಅಂಗಳದಲ್ಲಿ ಜನ ಅವನನ್ನು ಕಂಡು ಕಿಸಕ್ಕನೆ ನಕ್ಕರು. ಅಲ್ಲಿಂದ ಆರು ವರ್ಷ ಅಪ್ಪ ಮಗಳಿಗೆ ಮಾತಿಲ್ಲ. ಅವಳ ಬಣ್ಣಗಳನ್ನು ಮೆಚ್ಚಿದ ಪಂಡಿತರು ಎಲ್ಲವೂ ಪ್ಯಾರಿಸ್ಸಿನ ಗುರುಗಳ ಕೊಡುಗೆ ಎಂದು ಬರೆದರು. ಹಿತ್ತಲ ಗಿಡ ಮದ್ದಲ್ಲ, ಅಲ್ಲವೇ? ಯಾರ ಕೊಡುಗೆಯೆಂದು ಅವಳಿಗೆ ಗೊತ್ತಿತ್ತು. ಅದನ್ನು ಒಮ್ಮೆ ಅಪ್ಪನಿಗೆ ತೋರಿಸಬೇಕೆಂಬುದೊಂದೇ ಆಸೆ, ಅವನೋ ಈ ಹೊಸ್ತಿಲು ತುಳಿದವನಲ್ಲ.

“ಇರಲಿ ಬಿಡಿ ಅತ್ತೆ. ಅಪ್ಪ ಬರ್ತಾನಾ ನೋಡ್ತೀನಿ.”

“ಹೆತ್ತಪ್ಪನ ಹೊಟ್ಟೆಗೆ ಬೆಂಕಿ ಇಡ್ತೀಯಾ? ಪಾಪ ಕಣೇ ಇದು!”

“ಪಾಪಾನೇ. ಬದುಕಿರೋಳನ್ನ ನೋಡೋಕೆ ಬರಲಿಲ್ವಲ್ಲ ಅವನು.”

ಕೆರ್ಸ್ತಿ ಬುಟ್ಟಿ ಎತ್ತಿಕೊಂಡಳು. ಬನ್ನು ಸೀದುಹೋಗುತ್ತದೆಂದು ಗೊಣಗುತ್ತಾ ನಡೆದಳು.

ವೆಂಡ್ಲಾ ಕಾದಳು. ಕುಂಚ ಹಿಡಿಯಲಾಗಲಿಲ್ಲ. ಈ ಮನೆಯಲ್ಲಿ ಇನ್ನೊಬ್ಬರ ಕಾಲ ಸಪ್ಪಳ ಕೇಳಿ ಎಷ್ಟು ದಿನವಾಯಿತೆಂದು ಯೋಚಿಸಿದರೆ ನೆನಪಾಗಲಿಲ್ಲ, ಅಳು ಬಂತು. ನಡುಹಗಲಿಗೆ ದೋಣಿಯ ಹುಟ್ಟಿನ ಸದ್ದು ಕೇಳಿತು. ಆಗ ನಾಚಿಕೆ ಮುತ್ತಿಕೊಂಡಿತು. ಏನು ಮುಖ ಹೊತ್ತು ಎದುರಿಗೆ ನಿಲ್ಲುವುದು? ಒಳಕೋಣೆಗೆ ಓಡಿ ಅಗುಳಿ ಹಾಕಿಕೊಂಡಳು.

ಅಪ್ಪ ಒಳಬಂದ. ಹೆಣ ಒಳಕೋಣೆಯಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು, ಆದರೂ ಅತ್ತ ಬರಲಿಲ್ಲ. ಧೈರ್ಯ ಸಾಲಲಿಲ್ಲವೇನೋ. ಹೆಜ್ಜೆಗಳು ಚಿತ್ರದ ಮುಂದೆ ನಿಂತವು. ಆಮೇಲೆ ಗೋಡೆಯ ಉದ್ದಕ್ಕೂ ಒಂದೊಂದೇ ಚಿತ್ರದ ಮುಂದೆ ನಿಲ್ಲುತ್ತಾ ಹೋಗಿ ಮತ್ತೆ ಮೊದಲನೆಯದಕ್ಕೇ ಮರಳಿದವು.

“ಈ ನೀಲಿ...” ಅಪ್ಪನ ದನಿ ಒಡೆದಿತ್ತು. “ಒಳಗಿಂದ ಉರೀತಿದೆಯಲ್ಲೇ ಮಗಳೇ. ಕೆಳಗೆ ಏನು ಹಾಕಿದ್ದೆ? ಯಾರಿಗೂ ಹೇಳ್ದೆ ಸ್ಟಾಕ್‌ಹೋಮಿಗೆ ಹೋಗಿ ನಿನ್ನ ಚಿತ್ರ ನೋಡ್ದಾಗ್ಲೇ ಕೇಳ್ಬೇಕಿತ್ತು. ಕೇಳಲೇ ಇಲ್ಲ ನಾನು.”

ಇನ್ನಷ್ಟು ಹೊತ್ತು ಸತ್ತೇ ಇದ್ದಿದ್ದರೆ ಅಪ್ಪ ಇನ್ನಷ್ಟು ಹೇಳುತ್ತಿದ್ದನೇನೋ. ಆದರೆ ಬಣ್ಣದ ಕೆಲಸದವನೊಬ್ಬ ಬಣ್ಣದ ವಿಷಯ ಕೇಳಿದ್ದ, ಅವಳಿಗೆ ತಡೆಯಲಾಗಲಿಲ್ಲ.

“ಕೆಂಪು, ಅಪ್ಪ. ನೀನು ಪೆಟ್ಟಿಗೆಗೆ ಬಳೀತಿದ್ಯಲ್ಲ, ಅದೇ ಅಡಿಬಣ್ಣ. ಅದು ಪೂರಾ ಒಣಗಿದ ಮೇಲೆ ನೀಲಿ, ತೆಳ್ಳಗೆ.”

ಆಚೆ ಬೆಂಚು ಉರುಳಿದ ಸದ್ದು. ವೆಂಡ್ಲಾ ಅಗುಳಿಗೆ ಕೈ ಹಾಕಿದಳು.

“ತೆಗೀಬೇಡ,” ಎಂದ ಅಪ್ಪ. “ಈಗ ನಿನ್ನ ಮುಖ ನೋಡಿದ್ರೆ ಹೊಡೆದುಬಿಡ್ತೀನಿ. ಅಲ್ಲೇ ಇರು.”

ಬೆಂಚನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತದ್ದು ಕೇಳಿಸಿತು.

“ಹಳದಿ ಹೇಗೆ ಮಾಡ್ದೆ, ಅದನ್ನ ಹೇಳು.”

ವೆಂಡ್ಲಾ ಬಾಗಿಲಿಗೆ ಹಣೆ ಒತ್ತಿಕೊಂಡು, ಅಳುತ್ತಲೇ ಹೇಳತೊಡಗಿದಳು.