ಉರ್ಕೆನ್ ದಾಯಿಯ ಅಪ್ರದಕ್ಷಿಣೆ

ಉರ್ಕೆನ್ ದಾಯಿ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಅವರ ಪಾದಗಳನ್ನು. ಮುಖ ಆಮೇಲೆ, ಎಷ್ಟೋ ಸಲ ಮುಖದ ತನಕ ಅವರ ದೃಷ್ಟಿ ಏರುತ್ತಲೇ ಇರಲಿಲ್ಲ. ದಾಯಿ ಅಂದರೆ ನಮ್ಮಲ್ಲಿ ಅಣ್ಣ; ಶಿಖರಗಳ ನಡುವಿನ ಹಿಮದ ಕಂಡಿ ದಾಟಿಸುವ ಮಾರ್ಗದರ್ಶಿ ಅವರು. ಹಿಂದಿನ ವರ್ಷ ಬಂದುಹೋದ ಚಾರಣಿಗರು ಮತ್ತೆ ಬಂದು ನಗುತ್ತ ಎದುರಿಗೆ ನಿಂತರೆ ದಾಯಿಗೆ ಗುರುತು ಹತ್ತುತ್ತಿರಲಿಲ್ಲ. ಅದೇ ಜನ ನನ್ನ ಅಂಗಳ ದಾಟಿ ನೀರಿನ ಪೀಪಾಯಿಯವರೆಗೆ ನಡೆದರೆ ಸಾಕು, ಅವರ ಹೆಸರು, ದೇಶ, ಹೋದ ಸಲ ಯಾವ ಮಂಡಿ ನೋಯುತ್ತಿತ್ತು ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದರು. ಲುಂಗ್ಸಾ ಖರ್ಕ ಎಂಬ ಬೆಟ್ಟದ ಹುಲ್ಲುಗಾವಲಿನ ಲಾಡ್ಜನ್ನು ಗಂಡ ತೀರಿದ ಮೇಲೆ ನಾನೊಬ್ಬಳೇ ಇಪ್ಪತ್ತೊಂಬತ್ತು ವರ್ಷ ನಡೆಸಿದ್ದೇನೆ. ಅದರಲ್ಲಿ ಮೊದಲ ಹತ್ತೊಂಬತ್ತು ವರ್ಷ ದಾಯಿ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಬಾಗಿಲ ಬಳಿ ಬಿಚ್ಚಿಟ್ಟ ಬೂಟುಗಳನ್ನು ಓದುತ್ತಿದ್ದರು, ಬೇರೆಯವರು ಪತ್ರಿಕೆ ಓದುವ ಹಾಗೆ.

ಒಮ್ಮೆ ಕಾಠ್ಮಂಡುವಿನ ಯುವಕನೊಬ್ಬ ಫಳಫಳ ಹೊಳೆಯುವ ಹೊಸ ಬೂಟು ಹಾಕಿಕೊಂಡು ಬಂದ. ದಾಯಿ ಬಹಳ ಹೊತ್ತು ಅದನ್ನೇ ನೋಡಿ, “ಮದುವೆಗೆ ತಗೊಂಡಿದ್ದಾ ತಮ್ಮಾ? ಹಾಗಿದ್ರೆ ಮದುವೆಗೇ ಇಟ್ಕೋ” ಎಂದರು. ಆ ಯುವಕನನ್ನು ಎರಡು ದಿನ ನನ್ನಲ್ಲೇ ಉಳಿಸಿ, ಹಟ್ಟಿಯಿಂದ ಹೊಳೆಗೂ ಹೊಳೆಯಿಂದ ಹಟ್ಟಿಗೂ ನಡೆಸಿ ಬೂಟು ಮೆತ್ತಗಾಗಿಸಿಯೇ ಮೇಲಕ್ಕೆ ಕರೆದೊಯ್ದರು. ಆತ ಬೈದುಕೊಳ್ಳುತ್ತ ಹೋದ, ಗುಳ್ಳೆಯಿಲ್ಲದ ಕಾಲಿನಲ್ಲಿ ವಾಪಸು ಬಂದ.

ಅವರ ನಡಿಗೆಯನ್ನು ಹೇಗೆ ಹೇಳಲಿ. ಪಾದವನ್ನು ಪೂರ್ತಿ ನೆಲಕ್ಕೆ ಊರಿ, ಆ ಕಲ್ಲು ಒಪ್ಪಿತೇ ಇಲ್ಲವೇ ಎಂದು ಒಂದು ಉಸಿರು ಕಾದು, ಆಮೇಲೆ ಇನ್ನೊಂದು ಪಾದ ಎತ್ತುತ್ತಿದ್ದರು. ಏರಿಗೂ ಅದೇ ವೇಗ, ಇಳಿಜಾರಿಗೂ ಅದೇ. ಗುಂಪು ಎಷ್ಟೇ ದೊಡ್ಡದಿರಲಿ, ಎಲ್ಲರ ಹಿಂದೆ ಅವರು. ಮುಂದೆ ನಡೆಯಲು ಅವರ ಅಕ್ಕನ ಮಗ ಜಂಗ್ಬು ಇದ್ದ, ಮೂವತ್ತರ ಗಂಡಸು, ಬಾಯಿ ಚುರುಕು. “ಮಾಮನ ಜೊತೆ ಹೊರಟ್ರೆ ಕಂಡಿ ದಾಟೋ ಹೊತ್ತಿಗೆ ಗಡ್ಡ ನೆರೆಯುತ್ತೆ, ದೀದಿ” ಎಂದು ನನ್ನೆದುರು ಹೇಳುವನು, ದಾಯಿಗೆ ಕೇಳಿಸಲಿ ಎಂದೇ. ಯಾವುದೋ ಪರ್ವತಾರೋಹಿಗಳ ತಂಡ ಬಿಟ್ಟುಹೋದ ಕೆಂಪು ಕೋಟು ದಾಯಿಯ ಮೈಮೇಲೆ. ಬೆನ್ನು ಹರಿದಲ್ಲಿ ಡೇರೆಯ ಹಳದಿ ಬಟ್ಟೆಯ ತೇಪೆ, ತಾವೇ ಹೊಲಿದದ್ದು, ಹೊಲಿಗೆ ನೆಟ್ಟಗಿರಲಿಲ್ಲ.

ಇನ್ನು ಅವರ ಹಟ. ನನ್ನ ಲಾಡ್ಜಿನಿಂದ ಒಂದು ಗಂಟೆ ಮೇಲೆ, ಹಿಮದ ಕಂಡಿಗೆ ಹೋಗುವ ದಾರಿಯ ನಡುವೆ, ನಮ್ಮ ಹಿರಿಯರು ಕಟ್ಟಿದ ಮಣಿಗೋಡೆ ಇದೆ. ಮಂತ್ರ ಕೆತ್ತಿದ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಆಳೆತ್ತರ, ಉದ್ದ ನನ್ನ ಹೆಜ್ಜೆಯಲ್ಲಿ ಇನ್ನೂರ ಹನ್ನೆರಡು. ಅದನ್ನು ಬಲಗೈಗೆ ಇಟ್ಟುಕೊಂಡೇ ನಡೆಯಬೇಕು: ಏರುವಾಗ ಪಶ್ಚಿಮದ ಮಗ್ಗುಲು, ಇಳಿಯುವಾಗ ಪೂರ್ವದ ಮಗ್ಗುಲು. ಅವಸರದಲ್ಲಿ ತಪ್ಪು ಮಗ್ಗುಲು ಹಿಡಿದವರು ಯಾರೇ ಇರಲಿ, ವೈದ್ಯರಿರಲಿ, ಮುದುಕರಿರಲಿ, ದಾಯಿ ಅವರನ್ನು ಗೋಡೆಯ ತುದಿಯವರೆಗೆ ಹಿಂದಕ್ಕೆ ನಡೆಸಿ ಸರಿಯಾದ ಕಡೆಯಿಂದ ಮತ್ತೆ ಕರೆತರುತ್ತಿದ್ದರು. ಪ್ರತಿ ಗುಂಪಿಗೂ ಮೊದಲ ದಿನವೇ, ಜಂಗ್ಬುವಿನ ಬಾಯಲ್ಲಿ ಇಂಗ್ಲಿಷಿಗೆ ತಿರುಗಿಸಿ, ಹೇಳಿಸುತ್ತಿದ್ದ ಮಾತು ಒಂದೇ: “ಗೋಡೆ ಬಲಗೈಗಿರಲಿ. ಬಲಗೈಗೆ ಗೋಡೆ ಇದ್ದೋರಿಗೆ ಈ ಬೆಟ್ಟದಲ್ಲಿ ಕೆಡುಕಾಗಲ್ಲ.”

ಹದಿನಾರು ವರ್ಷದ ಹಿಂದೆ, ದಸೈಂ ಹಬ್ಬ ಕಳೆದ ಹನ್ನೊಂದನೆಯ ದಿನ, ಹಾಲೆಂಡಿನ ಏಳು ಜನ ಅವರ ಜೊತೆ ಕಂಡಿಯಿಂದ ಇಳಿಯುತ್ತಿದ್ದರು. ಕಂಡಿಯ ನೆತ್ತಿಯಲ್ಲಿ ಒಬ್ಬ ಉದ್ದನೆಯ ಗಂಡಸು ತೊದಲತೊಡಗಿದ, ಕುಡಿದವನಂತೆ ಕಾಲು ಎಡವಿದ. ಎತ್ತರದ ಕಾಯಿಲೆಗೆ ಕೆಳಗಿಳಿಸುವುದೊಂದೇ ಮದ್ದು. ದಾಯಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂದೆ, ಎರಡೂವರೆ ಗಂಟೆಯಲ್ಲಿ ನನ್ನ ಬಾಗಿಲಿಗೆ ತಂದರು. ಕೊನೆಯಲ್ಲಿ ನಡೆಯುವ ಕೆಲಸ ಜಂಗ್ಬುವಿಗೆ ಬಿತ್ತು.

ಪೋರ್ಟರುಗಳು ಆ ರೋಗಿಯನ್ನು ಹೊತ್ತು ಕೆಳಗಿನ ಆಸ್ಪತ್ರೆಗೆ ಹೊರಟರು. ಉಳಿದವರು ಒಬ್ಬೊಬ್ಬರಾಗಿ ಬಂದು ಒಲೆಯ ಸುತ್ತ ಕೂತರು. ಮೂರೂವರೆಗೆ ಜಂಗ್ಬು ಓಡುತ್ತ ಒಳಗೆ ಬಂದ. ದಾಯಿ ಅವನನ್ನು ನೋಡಲಿಲ್ಲ, ಬಾಗಿಲ ಬಳಿಯ ಬೂಟುಗಳನ್ನು ನೋಡಿದರು. ಹಾಲೆಂಡಿನವರದು ಐದು ಜೊತೆ ಇದ್ದವು. ಆರು ಇರಬೇಕಿತ್ತು.

ಬಾರದಿದ್ದವಳು ಅನ್ನೆಕೆ, ಐವತ್ತೆಂಟರ ಶಾಲಾ ಟೀಚರು, ಹೇಳಿದ್ದನ್ನು ಅಕ್ಷರಶಃ ಪಾಲಿಸುವವಳು. ಮಣಿಗೋಡೆಗಿಂತ ಸ್ವಲ್ಪ ಮೇಲೆ ಅವಳು ಬಂಡೆಯ ಮರೆಗೆ ಹೋದಳಂತೆ. ಹೆಂಗಸು ಮರೆಗೆ ಹೋದಾಗ ಹತ್ತಿರ ನಿಲ್ಲುವುದು ನಮ್ಮಲ್ಲಿ ಮರ್ಯಾದೆಯಲ್ಲ. ಜಂಗ್ಬು ಮುಖ ತಿರುಗಿಸಿ ಮೂವತ್ತು ನಲವತ್ತು ಹೆಜ್ಜೆ ಮುಂದೆ ಬಂದು ನಿಂತನಂತೆ. ಅಷ್ಟರಲ್ಲಿ ಮಂಜು ಇಳಿಯಿತು, ಹಿಂದೆಯೇ ಹಿಮ. ಕೂಗಿದರೆ ಉತ್ತರವಿಲ್ಲ. ತನಗೆ ಕಾಣದೆ ಮುಂದೆ ಹೋಗಿರಬೇಕೆಂದು ಓಡಿ ಬಂದಿದ್ದ.

“ನಾನು ಹೇಗೆ ನಿಂತು ನೋಡ್ತಿರಲಿ, ಮಾಮ?” ಎಂದ. ದಾಯಿ ಬೈಯಲಿಲ್ಲ. “ಬೂಟು ಬಿಚ್ಚಬೇಡ” ಎಂದಷ್ಟೇ ಹೇಳಿ ಕೋಟಿನ ಗುಂಡಿ ಹಾಕಿಕೊಂಡರು. ಬೇರೆ ಆಳಿರಲಿಲ್ಲವಾದ್ದರಿಂದ ಕಂಬಳಿ ಮತ್ತು ಚಹದ ಫ್ಲಾಸ್ಕು ಹಿಡಿದು ನಾನೂ ಹೊರಟೆ.

ಗೋಡೆಯ ಕೆಳತುದಿ ಮುಟ್ಟುವಾಗ ಏಳೆಂಟು ಹೆಜ್ಜೆ ಮುಂದೆ ಏನೂ ಕಾಣದಷ್ಟು ಮಂಜು. ದಾಯಿ ಬಗ್ಗಿ ನೋಡಿದರು: ಒಂದು ಜೊತೆ ಬೂಟಿನ ಗುರುತು, ಎಡಗಾಲು ಒಳಕ್ಕೆ ತಿರುಗಿದ್ದು. “ಅವಳದೇ” ಎಂದರು. ಆದರೆ ಗುರುತು ಗೋಡೆಯ ಪಶ್ಚಿಮದ ಮಗ್ಗುಲಲ್ಲಿ ಮೇಲಕ್ಕೆ ಹೋಗುತ್ತಿತ್ತು. ದಿಕ್ಕು ತಪ್ಪಿ ಕಂಡಿಯ ಕಡೆಗೇ ವಾಪಸು ಹೋಗುತ್ತಿದ್ದಾಳೆಂದು ನಾವು ಬೆಚ್ಚಿ, ಅದೇ ಗುರುತು ಹಿಡಿದು ಕೂಗುತ್ತ ಏರಿದೆವು. ಕೂಗಿದ್ದನ್ನು ಗಾಳಿ ನಮ್ಮ ಬಾಯಿಗೇ ತುರುಕುತ್ತಿತ್ತು. ಮೇಲ್ತುದಿಯಲ್ಲಿ ಗುರುತು ಕಂಡಿಯತ್ತ ಹೋಗದೆ ಗೋಡೆಯನ್ನೇ ಬಳಸಿ ಪೂರ್ವದ ಮಗ್ಗುಲಿಗೆ ತಿರುಗಿ ಇಳಿದಿತ್ತು. ನಾವೂ ಇಳಿದೆವು. ಕೆಳತುದಿಗೆ ಬಂದರೆ, ನಾವು ಮೊದಲು ಊರಿದ್ದ ಹೆಜ್ಜೆಗಳ ಮೇಲೆ ಅವಳ ಹೆಜ್ಜೆ, ಹೊಸದು.

“ಮುಂದೇ ಇದ್ದಾಳೆ” ಎಂದು ಜಂಗ್ಬುವಿಗೆ ಜೀವ ಬಂತು. ಇನ್ನಷ್ಟು ಬೇಗ ನಡೆದೆವು. ಇನ್ನೊಂದು ಸುತ್ತು. ಕೆಳತುದಿಯಲ್ಲಿ ಮತ್ತೆ ಅದೇ: ನಮ್ಮದರ ಮೇಲೆ ಅವಳದು, ಇನ್ನೂ ಹಿಮ ತುಂಬಿರದ ಗುರುತು.

ದಾಯಿ ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟರು. ಆಮೇಲೆ ಗೋಡೆ ನೋಡಿದರು. ಸೊಂಟದ ಎತ್ತರದಲ್ಲಿ ಚಪ್ಪಡಿಗಳ ಮೇಲಿನ ಹಿಮ ಉದ್ದಕ್ಕೂ ಒರೆಸಿಹೋಗಿತ್ತು, ಯಾರೋ ಕೈ ಸವರಿಕೊಂಡು ನಡೆದಂತೆ. “ಗೋಡೆ ಬಿಡ್ತಿಲ್ಲ ಅವಳು” ಎಂದರು. “ಬಲಗೈಗೆ ಇಟ್ಕೊಂಡು ಸುತ್ತುತಾನೇ ಇದ್ದಾಳೆ. ನಮ್ಮ ಗುರುತು ಕಂಡು ಜನ ಮುಂದಿದ್ದಾರೆ ಅಂತ ಅವಳು ಓಡ್ತಾಳೆ, ಅವಳ ಗುರುತು ಕಂಡು ನಾವು.”

ಹಾಗಿದ್ದರೆ ಇಲ್ಲೇ ನಿಲ್ಲೋಣ, ತಾನೇ ಬರುತ್ತಾಳೆ ಎಂದೆ ನಾನು. ನಿಂತೆವು. ಹೊತ್ತು ಅಳೆಯಲು ಜಪಮಾಲೆ ತಿರುಗಿಸಿದೆ. ಸುತ್ತು ಹಾಕಲು ನಮಗೆ ಕಾಲು ಗಂಟೆ ಹಿಡಿದಿತ್ತು. ಮಾಲೆ ಐದು ಸಲ ಮುಗಿಯಿತು, ಅಂದರೆ ಅದಕ್ಕಿಂತ ಹೆಚ್ಚೇ ಆಯಿತು. ಯಾರೂ ಬರಲಿಲ್ಲ. ದಾಯಿ ಅವಳ ಕೊನೆಯ ಗುರುತುಗಳನ್ನು ತೋರಿಸಿದರು: ಹೆಜ್ಜೆಯ ಅಂತರ ಮೊದಲಿನ ಅರ್ಧ, ಎಡಗಾಲು ಎಳೆದಿದೆ. ಎಲ್ಲೋ ಕೂತುಬಿಟ್ಟಿದ್ದಾಳೆ. ಅಂಥ ಗಾಳಿಯಲ್ಲಿ ಕೂತವರು ಮತ್ತೆ ಏಳುವುದು ಕಡಿಮೆ, ಮತ್ತು ಬೆಳಕು ಇನ್ನು ಅರ್ಧ ಗಂಟೆಯದು.

ಜಂಗ್ಬು ಮತ್ತೆ ಗುರುತು ಹಿಡಿದು ಏರೋಣವೆಂದ. ಹಿಮ ಮಂಡಿಗೆ ಬಂದಿತ್ತು. ಈ ಸಲದ ಸುತ್ತಿಗೆ ಬೆಳಕು ಸಾಲದು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ಇಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ಹೋಗಬಹುದೆಂದು ಆವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎರಡು ಸುತ್ತು ಹಾಕಿದ್ದೆವು, ಮೂವರೂ ಕೂಡಿ, ಬಲಗೈಗೆ ಗೋಡೆ ಇಟ್ಟುಕೊಂಡು. ಕಾಲಿಗೆ ಗೊತ್ತಿಲ್ಲದ ದಾರಿ ತಲೆಗೂ ಗೊತ್ತಿರಲಿಲ್ಲ.

ದಾಯಿ ಟೋಪಿ ತೆಗೆದು ಒಂದು ಚಪ್ಪಡಿಗೆ ಹಣೆ ಮುಟ್ಟಿಸಿದರು. “ನೀವಿಬ್ರೂ ನೇರ ಸುತ್ತು ಹೋಗಿ. ನಾನು ಗೋಡೆ ಎಡಗೈಗಿಟ್ಟು ತಿರುಗಿ ಹೋಗ್ತೀನಿ.”

“ನಾನು ಹೋಗ್ತೀನಿ ಮಾಮ. ತಪ್ಪು ನನ್ನದು.”

“ನಿನ್ನದಲ್ಲ. ಬಲಗೈಗೆ ಇಟ್ಕೋ ಅಂದವನು ನಾನು.”

ಬೆನ್ನಿನ ಹಳದಿ ತೇಪೆ ನಾಲ್ಕು ಹೆಜ್ಜೆಗೆ ಮಸುಕಾಯಿತು, ಏಳಕ್ಕೆ ಇಲ್ಲವಾಯಿತು. ನಾವು ಈ ಮಗ್ಗುಲಲ್ಲಿ ಅರವತ್ತು ಹೆಜ್ಜೆ ಏರಿರಬಹುದು, ಗೋಡೆಯಾಚೆಯಿಂದ ಯಾಕುಗಳನ್ನು ಕರೆಯುವ ಎರಡು ಬೆರಳಿನ ಶಿಳ್ಳೆ ಕೇಳಿಸಿತು. ಜಂಗ್ಬು ಒಂದು ಕ್ಷಣವೂ ಯೋಚಿಸಲಿಲ್ಲ, ತಿರುಗಿ ಓಡಿದ. ನಾನೂ ಓಡಿದೆ.

ಕೆಳತುದಿಯಿಂದ ಬರೀ ಎಪ್ಪತ್ತು ಹೆಜ್ಜೆಯಲ್ಲಿದ್ದಳು. ನೇರ ಸುತ್ತಿನಲ್ಲಿ ಮುನ್ನೂರ ಐವತ್ತಕ್ಕೂ ಹೆಚ್ಚು ಆಗುತ್ತಿತ್ತು. ಗೋಡೆಗೆ ಒರಗಿ ಕೂತಿದ್ದಳು, ತೊಡೆಯ ಮೇಲೆ ಒಂದು ಗೇಣು ಹಿಮ, ಬಲಗೈ ಮಾತ್ರ ಎರಡು ಚಪ್ಪಡಿಗಳ ಸಂದಿನಲ್ಲಿ ಭದ್ರ. ದಾಯಿ ಆಗಲೇ ಅವಳ ಬೂಟು ಬಿಚ್ಚಿ, ಕೋಟು ತೆರೆದು, ಬರಿಗಾಲುಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡಿದ್ದರು. ನಾನು ಬಾಯಿಗೆ ಚಹ ಹಿಡಿದಾಗ ಅವಳು ಏನೋ ಅಂದಳು. ಜಂಗ್ಬು ಅತ್ತುಕೊಂಡೇ ಹೇಳಿದ: “ಎಷ್ಟು ಉದ್ದದ ಗೋಡೆ ಕಟ್ಟಿದ್ದೀರಪ್ಪ, ಅಂತಿದ್ದಾರೆ.”

ಅನ್ನೆಕೆ ಬದುಕಿದಳು, ಎಡಗಾಲಿನ ಎರಡು ಬೆರಳು ಹೋದವು. ಮರುದಿನ ಬೆಳಿಗ್ಗೆ ದಾಯಿಯ ಕೈ ಹಿಡಿದು, ನೀವು ಹೇಳಿದ ಹಾಗೇ ಮಾಡಿದೆ, ಒಂದು ಸಲವೂ ಗೋಡೆ ಬಿಡಲಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. ದಾಯಿ ಕುಡಿಯುತ್ತಿದ್ದ ಚಹವನ್ನು ಅಲ್ಲೇ ಇಟ್ಟು ಹೊರಗೆ ಹೋದರು.

ನಮ್ಮ ಗೊಂಪಾ ಮಠದ ಲಾಮಾ ಎಲ್ಲ ಕೇಳಿ, ಜೀವ ಉಳಿಸಲು ಎಡಕ್ಕೆ ತಿರುಗಿದ್ದು ಪಾಪವಲ್ಲ, ಮನಸ್ಸು ತಡೆಯದಿದ್ದರೆ ಹದಿಮೂರು ಪ್ರದಕ್ಷಿಣೆ ಹಾಕು ಎಂದರಂತೆ. ದಾಯಿ ನನ್ನ ಲಾಡ್ಜಿನಲ್ಲೇ ಉಳಿದು, ದಿನಕ್ಕೆ ಹನ್ನೆರಡರಂತೆ ಒಂಬತ್ತು ದಿನ, ನೂರೆಂಟು ಹಾಕಿದರು. ಊರೆಲ್ಲ ಅವರನ್ನು ಹೊಗಳುತ್ತಿದ್ದ ದಿನಗಳವು. ಕೊನೆಯ ದಿನ ಆಲೂಗಡ್ಡೆಯ ಸಾರು ಬಡಿಸುತ್ತ ನಾನು ತಡೆಯಲಾರದೆ ಕೇಳಿದೆ, ತಿರುಗಿದ್ದು ಅಷ್ಟು ದೊಡ್ಡ ಪಾಪವಾ ದಾಯಿ, ಎಂದು.

“ತಿರುಗಿದ್ದಕ್ಕಲ್ಲ ತಂಗಿ” ಎಂದರು. “ತಿರುಗೋಕ್ಕೆ ಮುಂಚೆ ಎರಡು ಸುತ್ತು ಹಾಕಿದ್ನಲ್ಲ, ಅದಕ್ಕೆ.”

ಅದಾದ ಮೇಲೂ ಆರು ವರ್ಷ ಜನರನ್ನು ಕಂಡಿ ದಾಟಿಸಿದರು. ಗೋಡೆಯ ನೇಮ ಹೇಳಿಸುವುದನ್ನು ಬಿಡಲಿಲ್ಲ, ತಪ್ಪಿದವರನ್ನು ಹಿಂದಕ್ಕೆ ನಡೆಸುವುದನ್ನೂ ಬಿಡಲಿಲ್ಲ; ಮಂಜು ಕವಿದರೆ ಗೋಡೆಯ ಆಸೆ ಬಿಟ್ಟು ನಿಂತಲ್ಲೇ ನಿಲ್ಲಿ ಎಂಬುದೊಂದನ್ನು ಸೇರಿಸಿದರು. ಇಂಥವರನ್ನು ಜನ ಮೊಂಡರೆನ್ನುತ್ತಾರೆ, ನಾನೂ ಅಂದಿದ್ದೇನೆ. ಆದರೆ ಪರರ ಜೀವವನ್ನು ತಮ್ಮ ಕಾಲಿನ ಲಯಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತುವವರ ಜಾತಿಯೇ ಬೇರೆ. ಅವರು ಉಳಿಸಿದ ಜೀವಗಳು ಊರವರ ಬಾಯಲ್ಲಿ ಇರುತ್ತವೆ. ತಡಮಾಡಿದ ಹೊತ್ತನ್ನು ಅವರೊಬ್ಬರೇ ಹೊತ್ತು ನಡೆಯುತ್ತಾರೆ, ಆ ಹೊರೆಗೆ ಯಾರ ಹೆಗಲನ್ನೂ ಕೇಳುವುದಿಲ್ಲ.