ಹಳದಿ ಲಂಗದ ಭಾನುವಾರ

ಚುಕ್ಕೆಗಳು ಓಡಾಡುತ್ತಿವೆಯೋ ಕಿಟಕಿಯಾಚೆಯ ಮೇಪಲ್ ಎಲೆಗಳ ನೆರಳು ಓಡಾಡುತ್ತಿದೆಯೋ — ಬೀರುವಿನ ಬಾಗಿಲಿಗೆ ತೂಗುಹಾಕಿದ್ದ ನೀಲಿ ಗೌನಿನ ಮೇಲೆ ಬಿಳಿ ಚುಕ್ಕೆಗಳೆಲ್ಲ ತಮ್ಮಷ್ಟಕ್ಕೆ ತಾವೇ ಕುಣಿದ ಹಾಗೆ ಕಂಡಿತು, ಅರ್ಲೀನ್ ಕನ್ನಡಕ ಸರಿಮಾಡಿಕೊಂಡಳು, ಚುಕ್ಕೆಗಳು ನಿಂತವು. ಇದಲ್ಲ. ಇವತ್ತು ಇದಂತೂ ಅಲ್ಲ. ಚರ್ಚಿನಿಂದ ಬಂದ ಕೋಟನ್ನೂ ಬಿಚ್ಚದೆ ನೇರ ಬೀರುವಿನ ಮುಂದೆ ಬಂದು ನಿಂತಿದ್ದಾಳೆ, ಕೆಳಗೆ ಟೀವಿಯ ಗದ್ದಲ, ಫುಟ್‌ಬಾಲ್ ಶುರುವಾಗುವ ಮುಂಚೆಯೇ ಮೈಲೋ ಕೂಗಾಟ ಶುರುಮಾಡಿದ್ದಾನೆ, ಮದುವೆಯ ದಿನವೂ ಒಂದು ಸುತ್ತು ಕುಣಿಯದ ಗಂಡ, ಕಾಲು ಅಲುಗಿಸುವುದೆಂದರೆ ಟ್ರ್ಯಾಕ್ಟರ್ ಹತ್ತುವಾಗ ಮಾತ್ರ — ಅವನು ಕುಣಿಯದ್ದಕ್ಕೇ ಅಲ್ಲವೇ ವಾಂಡಾ ಸಿಕ್ಕಿದ್ದು. ವಾಂಡಾಳ ಗಂಡನೂ ಬದುಕಿದ್ದಷ್ಟು ದಿನ ಹಾಗೆಯೇ, ಬಾರಿನ ಕಟ್ಟೆಗೆ ಮೊಣಕೈ ಊರಿದನೆಂದರೆ ಬ್ಯಾಂಡು ಮೂಟೆ ಕಟ್ಟುವವರೆಗೆ ಏಳುತ್ತಿರಲಿಲ್ಲ. ಬಾರೇ, ನಾವೇ ಕುಣಿಯೋಣ, ಇವರನ್ನ ಕಾಯ್ತಾ ಕೂತ್ರೆ ಮಂಡಿ ತುಕ್ಕು ಹಿಡಿಯತ್ತೆ, ಅಂದಿದ್ದಳು ವಾಂಡಾ, ಆಗ ಇಬ್ಬರೂ ಚೀಸ್ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು, ಕೈಗೆಲ್ಲ ಹುಳಿ ಹಾಲಿನ ವಾಸನೆ, ಎಷ್ಟು ಸೋಪು ಹಚ್ಚಿದರೂ ಹೋಗದ ವಾಸನೆ. ನೀನು ಎತ್ತರ ಇದೀಯ, ಭುಜ ಬೇರೆ ಅಗಲ, ನೀನೇ ಗಂಡಸಾಗು. ಆಗಿದ್ದಳು. ಅಂದಿನಿಂದ ಇಂದಿನವರೆಗೆ ಗಂಡಸಿನ ಹೆಜ್ಜೆ ಅರ್ಲೀನ್‌ಳದು, ಹೆಂಗಸಿನ ಹೆಜ್ಜೆ ವಾಂಡಾಳದು, ಬಟ್ಟೆ ಮಾತ್ರ ಇಬ್ಬರಿಗೂ ಒಂದೇ, ಒಂದೇ ಥಾನಿನಿಂದ ಕತ್ತರಿಸಿ ವಾಂಡಾಳೇ ಹೊಲಿದದ್ದು.

ಇದೇ ಚುಕ್ಕೆ ಗೌನು ತಾನೆ ಹೋದ ಭಾನುವಾರ ಕುಣಿತದ ಹಾಲ್‌ಗೆ ಹಾಕಿಕೊಂಡು ಹೋದದ್ದು, ಅದನ್ನೇ ಹಾಕುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಹಾಲ್‌ನೊಳಗೆ ಕಾಲಿಟ್ಟು ಕೋಟು ಬಿಚ್ಚಿ ನೋಡಿದರೆ ವಾಂಡಾ ಕೆಂಪು ಗೌನಿನಲ್ಲಿ, ಅವಳ ಪಕ್ಕ ಅದೇ ಕೆಂಪು ಬಟ್ಟೆಯ ವೇಸ್ಟ್‌ಕೋಟು ತೊಟ್ಟ ಗಂಡಸು, ಹೆರಾಲ್ಡ್, ಗ್ರೀನ್ ಬೇ ಊರಿನ ಕಡೆಯವನು, ಹೆಂಡತಿ ಸತ್ತವನು, ಒಳ್ಳೆಯವನೇ ಪಾಪ, ಎದ್ದು ನಿಂತು ಕೈ ಕುಲುಕಿದ. ಕೆಂಪು ಬಟ್ಟೆ ಯಾವಾಗ ತಂದಳು, ಯಾವಾಗ ಹೊಲಿದಳು, ವಾರಕ್ಕೆರಡು ಸಲ ಆ ಮನೆಯಲ್ಲಿ ಕಾಫಿ ಕುಡಿದವಳಿಗೆ ಹೊಲಿಗೆ ಯಂತ್ರದ ಮೇಲೆ ಒಂದು ಕೆಂಪು ದಾರವೂ ಕಾಣಲಿಲ್ಲವೇ — ಬಚ್ಚಿಟ್ಟಿದ್ದಳು, ಅಂದರೆ ಹೇಳಲು ಹೆದರಿದ್ದಳು, ಹೆದರುವಂಥದ್ದೇನಿತ್ತು, ಹೇಳಿದ್ದರೆ ಬೇಡ ಅನ್ನುತ್ತಿದ್ದಳೇ ಅರ್ಲೀನ್? ಜೋಡಿ ಕಳೆದ ಓಲೆಯ ಹಾಗೆ ಮಧ್ಯಾಹ್ನವೆಲ್ಲ ಚುಕ್ಕೆ ಗೌನಿನಲ್ಲಿ ಕೂತಿದ್ದಳು, ಬಾರಿನ ಕ್ಲೆಟಸ್ ಗ್ಲಾಸು ಒರೆಸುತ್ತಾ ಎಲ್ಲರಿಗೂ ಕೇಳುವ ಹಾಗೆ, ಏನ್ ಅರ್ಲೀನ್, ಹೆಂಡ್ತಿ ಕೈಕೊಟ್ಟು ಹೋದ್ಳಾ? ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗದೆ ಏನು ಮಾಡುವುದು, ನಕ್ಕು ಬ್ರಾಂಡಿ ತರಿಸಿಕೊಂಡು ಗ್ಲಾಸಿನ ಚೆರಿ ಹಣ್ಣನ್ನು ಎಷ್ಟೋ ಹೊತ್ತು ಅಗಿದಳು. ಇವತ್ತು ಬೆಳಿಗ್ಗೆ ಮೊಟ್ಟೆ ಹುರಿಯುವಾಗ ಫೋನು. ಲೇ ಅರ್ಲೀನ್, ನೀಲಿ ಚುಕ್ಕೆದು ಹಾಕ್ಕೊಂಡ್ ಬಾರೇ, ಹೆರಾಲ್ಡ್‌ಗೆ ಮಂಡಿ ನೋವು, ಮಧ್ಯೆ ಮಧ್ಯೆ ಕೂತ್ಕೋತಾರೆ, ಆವಾಗ ನಾವಿಬ್ರೂ ಕುಣಿಯೋಣ, ನಾನೂ ಚುಕ್ಕೆದೇ ಹಾಕ್ಕೋತೀನಿ ಬೇಕಾದ್ರೆ. ಆವಾಗ. ಅವನು ಕೂತಾಗ. ಬೇಕಾದ್ರೆ. ಸರಿ ನೋಡೋಣ ಅಂದು ಫೋನಿಟ್ಟಳು, ಮೊಟ್ಟೆ ತಳ ಹತ್ತಿತ್ತು, ಮೈಲೋ ಅದನ್ನೇ ತಿಂದ.

ಹಾಗಾದರೆ ಯಾವುದು? ಕೋಟು ಬಿಚ್ಚಿ ಮಂಚದ ಮೇಲೆ ಎಸೆದಳು, ಹ್ಯಾಂಗರುಗಳನ್ನು ಒಂದೊಂದಾಗಿ ಸರಿಸಿದಳು, ಹಸಿರುದು — ವಾಂಡಾ ಹೊಲಿದದ್ದು, ನೇರಳೆ ಹೂವಿನದು — ವಾಂಡಾ, ಕಪ್ಪು ಅಂಚಿನದು — ಅದೂ ವಾಂಡಾ, ಎಲ್ಲಕ್ಕೂ ಬೆನ್ನ ಮೇಲೆ ಜಿಪ್ಪು, ಒಬ್ಬರದನ್ನೊಬ್ಬರು ಏರಿಸಿಕೊಳ್ಳುತ್ತಿದ್ದರಲ್ಲ, ತಮಗೇ ಕೈ ಎಟುಕಬೇಕೆಂದು ಯಾರಿಗೆ ಹೊಳೆದಿತ್ತು, ಈಗ ಬೆರಳ ಗಂಟುಗಳು ಬೇರೆ ಊದಿಕೊಂಡಿವೆ, ಹೋದ ವಾರ ಮೈಲೋ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರೆ, ತಾಳೇ, ಬಾಲ್ ಎದುರು ಟೀಮಿನವ್ರ ಕೈಲಿದೆ, ಅಂತ ಅರ್ಧ ಏರಿಸಿ ಬಿಟ್ಟಿದ್ದ. ಕಂದು ಬಣ್ಣದ್ದು ಅಂಗಡಿಯದು, ಅದಾದರೆ ಯಾರ ಹಂಗೂ ಇಲ್ಲ, ಆದರೆ ಅದು ಸಾವಿಗೆ ಹೋಗುವ ಬಟ್ಟೆ, ಆಸ್ಪತ್ರೆಗೆ ನೋಡಲು ಹೋಗುವ ಬಟ್ಟೆ, ಅದನ್ನು ಹಾಕಿಕೊಂಡು ಹೋದರೆ ಕುಣಿಯಲು ಬಂದವಳಲ್ಲ, ಕೂರಲು ಬಂದವಳು ಎಂದು ಬಾಗಿಲಲ್ಲೇ ತಿಳಿದುಬಿಡುತ್ತದೆ. ಕೂರುವುದಿಲ್ಲ ನಾನು. ಜೋರಾಗಿಯೇ ಅಂದುಬಿಟ್ಟಳೇನೋ, ಏನೇ? ಅಂತ ಕೆಳಗಿನಿಂದ ಮೈಲೋ. ಏನಿಲ್ಲ. ಕೈ ಬೀರುವಿನ ಹಿಂಭಾಗಕ್ಕೆ ಹೋಗಿತ್ತು, ಚಳಿಗಾಲದ ಕೋಟುಗಳ ಹಿಂದಕ್ಕೆ, ಪ್ಲಾಸ್ಟಿಕ್ ಚೀಲ ಸರಪರ ಅಂದಿತು. ಹಳದಿ. ಅಂಗಡಿಯಲ್ಲಿ ಮೈಲೋಗೆ ಕೋಟು ಕೊಳ್ಳಲು ಹೋದಾಗ ಕಣ್ಣಿಗೆ ಬಿದ್ದದ್ದು, ಅಗಲ ಘೇರಿನ ಲಂಗ, ಪಕ್ಕದಲ್ಲಿ ಗುಂಡಿ, ಬೆಣ್ಣೆಯ ಹಳದಿಯಲ್ಲ, ಕಣ್ಣು ಕುಕ್ಕುವ ಹಳದಿ, ಕೊಂಡು ತಂದು ಖುಷಿಯಿಂದ ವಾಂಡಾಗೆ ತೋರಿಸಿದರೆ, ಅಯ್ಯೋ ಬೇಡ್ವೇ, ಹಳದಿ ಹಾಕಿದ್ರೆ ಕಾಮಾಲೆ ಬಂದಂಗೆ ಕಾಣತ್ತೆ ನನ್ ಮುಖ. ಹೌದಾ ಅಂದು ಚೀಲಕ್ಕೆ ತುರುಕಿದ್ದಳು. ಈಗ ಅದನ್ನು ಸೊಂಟಕ್ಕೆ ಹಿಡಿದು ಕನ್ನಡಿಯ ಮುಂದೆ ನಿಂತಾಗ ಆ ಮಾತು ಕಿವಿಯಲ್ಲಿ ಮತ್ತೆ ಹಾದುಹೋಯಿತು, ನನ್ ಮುಖ, ನನ್ ಮುಖ — ಅವಳ ಮುಖ ತಾನೆ! ನನ್ನದಲ್ಲವಲ್ಲ! ಇಷ್ಟು ದಿನ ಯಾಕೆ ಹೊಳೆಯಲಿಲ್ಲ, ಎರಡು ಮುಖಗಳಿದ್ದವು ಅನ್ನುವುದೇ ಮರೆತುಹೋಗಿತ್ತೇ.

ಗುಂಡಿ ಕಷ್ಟಪಟ್ಟು ಕೂತಿತು, ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಟ್ಟಳು, ತಡೆಯಿತು. ಒಳಗೆ ಗಂಜಿ ಹಾಕಿದ ಒಳಲಂಗ, ಮೇಲೆ ಮುಂದೆ ಗುಂಡಿಯಿರುವ ಬಿಳಿ ಬ್ಲೌಸು, ಚರ್ಮದ ಅಟ್ಟೆಯ ಷೂ — ರಬ್ಬರಿನದು ನೆಲಕ್ಕೆ ಕಚ್ಚಿಕೊಂಡರೆ ಮಂಡಿ ತಿರುಚಿಕೊಳ್ಳುತ್ತದೆ — ಒಂದು ಸಲ ಗಿರಕಿ ಹೊಡೆದು ನೋಡಿದಳು, ಲಂಗ ಅರಳಿ ಮಂಚದಂಚಿಗೆ ತಾಗಿ ಪಕ್ಕದ ಮೇಜುದೀಪವನ್ನು ಬೀಳಿಸಿತು, ಬೀಳಲಿ. ಮೆಟ್ಟಿಲಿಳಿದು ಬಂದಾಗ ಮೈಲೋ ತಿರುಗಿ ನೋಡಿದ, ಇನ್ನೊಂದು ಸಲ ನೋಡಿದ. ಏನೇ ಇದು, ಸೂರ್ಯಕಾಂತಿ ಹೊಲವೇ ಎದ್ದು ಬಂದಂಗಿದೆ. ಅಂದ್ರೆ ಚೆನ್ನಾಗಿಲ್ವಾ? ಚೆನ್ನಾಗಿಲ್ಲ ಅಂದ್ನಾ ನಾನು? ವಾಂಡಾನೂ ಇದನ್ನೇ ಹಾಕ್ತಾಳಾ? ಇಲ್ಲ. ಅವನು ಟೀವಿಯ ಸದ್ದು ತಗ್ಗಿಸಿದ, ಅದೇ ದೊಡ್ಡದು. ಹೋಗ್ಲೇಬೇಕೇನೇ? ಸುಮ್ನೆ ಮನೇಲಿರು, ಸಾಸೇಜ್ ಬೇಯಿಸ್ತೀನಿ, ಇಬ್ರೂ ಆಟ ನೋಡೋಣ. ಅವನ ಮುಖದಲ್ಲಿ ಕನಿಕರ, ಕ್ಲೆಟಸ್‌ನ ಮಾತು ಇವನ ಕಿವಿಗೂ ಬಿದ್ದಿದೆ, ಊರೆಲ್ಲ ಆಡಿಕೊಂಡಿರಬೇಕು. ಕನಿಕರಕ್ಕೆ ಮಣಿದರೆ ಇವತ್ತು ಸಾಸೇಜು, ಮುಂದಿನ ವಾರ ಸಾಸೇಜು, ಆಮೇಲೆ ಷೂ ಮೇಲೆ ಬೂಷ್ಟು. ನೀನೇ ತಿನ್ನು, ಸಾಸಿವೆ ಸಾಸ್ ಫ್ರಿಜ್ಜಿನ ಬಾಗಿಲಲ್ಲಿದೆ, ಅಂದು ಕಾರಿನ ಕೀಲಿ ತೆಗೆದುಕೊಂಡಳು. ಜೋಳದ ಹೊಲಗಳಲ್ಲಿ ಕಟಾವು ನಡೆದಿತ್ತು, ರಸ್ತೆಗೆಲ್ಲ ಒಣ ಸಿಪ್ಪೆ ಹಾರಿಬರುತ್ತಿತ್ತು, ಯಾರ ಜೊತೆ ಕುಣಿಯುತ್ತೀಯೆ, ಯಾರ ಜೊತೆಯಾದರೂ ಸರಿ, ಅವನು ಕೂತಾಗ ಮಾತ್ರ ಕರೆಯುವವಳ ಜೊತೆ ಇವತ್ತು ಬೇಡ, ನಾಳೆ ಬೇಕಾದೀತು, ನಾಳೆಯದು ನಾಳೆ.

ಹಾಲ್‌ನೊಳಗೆ ಆಗಲೇ ಬ್ಯಾಂಡಿನ ಟ್ಯೂಬಾ ಕಹಳೆಯ ಗುಡುಗು, ಷೂ ಸಲೀಸಾಗಿ ಜಾರಲೆಂದು ನೆಲಕ್ಕೆ ಉದುರಿಸಿದ ಮೇಣದ ಪುಡಿಯ ವಾಸನೆ, ಹುರಿದ ಈರುಳ್ಳಿಯ ವಾಸನೆ. ವಾಂಡಾ ಕೆಂಪಿನಲ್ಲೇ ಇದ್ದಳು. ಚುಕ್ಕೆದು ಅಂದದ್ದೆಲ್ಲ ಬಾಯಿಮಾತು. ಹೆರಾಲ್ಡ್‌ನ ಭುಜದ ಮೇಲಿಂದ ಹಳದಿಯನ್ನು ಕಂಡು ಹೆಜ್ಜೆ ತಪ್ಪಿದಳು, ಅರ್ಲೀನ್ ಕೈಯೆತ್ತಿ ನಮಸ್ಕಾರ ಅನ್ನುವ ಹಾಗೆ ಬೀಸಿದಳು, ಕೂರಲಿಲ್ಲ, ಕೂತರೆ ಏಳಲಾರೆ ಅಂತ ಗೊತ್ತು. ಗೋಡೆಯ ಉದ್ದಕ್ಕೂ ಕುರ್ಚಿಗಳು, ಕುರ್ಚಿಗಳ ಮೇಲೆ ಹೆಂಗಸರು, ಇಷ್ಟೊಂದು ಹೆಂಗಸರು ಯಾವಾಗಲೂ ಇಲ್ಲಿ ಕೂತಿರುತ್ತಿದ್ದರೇ, ವಾಂಡಾಳನ್ನು ಹಿಡಿದು ಇವರ ಮೊಣಕಾಲ ಪಕ್ಕದಲ್ಲೇ ಸುತ್ತುತ್ತಾ ಹೋಗುವಾಗ ಒಂದು ಮುಖವನ್ನೂ ನೋಡಿರಲಿಲ್ಲ. ಕೋಟುಗಳ ಗೂಟದ ಕೆಳಗೆ ತೆಕ್ಲಾ, ಎಂಬತ್ತು ದಾಟಿರಬಹುದು, ಗುಬ್ಬಿಯಂಥ ಮುದುಕಿ, ತೊಡೆಯ ಮೇಲೆ ಕೈಚೀಲ, ಆದರೆ ಕಾಲಿನ ತುದಿ ತಾಳ ಹಾಕುತ್ತಿತ್ತು. ಒಂದು ಸುತ್ತು ಕುಣಿಯೋಣ ಬರ್ತೀರಾ? ಮುದುಕಿ ಕತ್ತೆತ್ತಿ, ಮೈಲೋ ನೆಮೆಚೆಕ್ ಮನೆಯವಳಲ್ವಾ ನೀನು? ನಮ್ಮಕ್ಕ ಹೋದ್ಮೇಲೆ ನನ್ನ ಯಾರೂ ಕರೆದೇ ಇಲ್ಲ. ನಾನು ಕರೀತಿದೀನಲ್ಲ. ಅಲ್ಲಮ್ಮ, ಒಂದು ತೊಂದ್ರೆ ಇದೆ, ನಂಗೆ ಗಂಡಸಿನ ಹೆಜ್ಜೆ ಬಿಟ್ರೆ ಬೇರೆ ಬರಲ್ಲ, ನಮ್ಮಕ್ಕ ಎಳೆದ ಕಡೆ ಬರೋಳು, ನಾನೇ ಎಳೀತಿದ್ದೆ. ಅರ್ಲೀನ್‌ಗೆ ನಗು ಬಂತು, ನಗು ಮುಗಿಯುವ ಮೊದಲೇ ಹೆದರಿಕೆ ಬಂತು. ನಂಗೂ ಅದೇ ಬರೋದು. ಹಂಗಾದ್ರೆ? ಹಂಗಾದ್ರೆ ಇವತ್ತು ನಾನು ಕಲೀತೀನಿ, ಎಳೀರಿ. ತೆಕ್ಲಾ ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಎದ್ದಳು, ಮುದುಕಿಯ ನೆತ್ತಿ ಅರ್ಲೀನ್‌ಳ ಎದೆಯವರೆಗೂ ಬರಲಿಲ್ಲ, ಆದರೆ ಬೆನ್ನ ಮೇಲೆ ಬಿದ್ದ ಅಂಗೈ ಹಾಲು ಕರೆದ ಅಂಗೈ, ಒಂದು ಒತ್ತು ಸಾಕು, ಯಾವ ಕಡೆ ಹೋಗಬೇಕೆಂದು ಬೆನ್ನಿಗೇ ತಿಳಿಯಿತು. ಮೊದಲು ಅರ್ಲೀನ್ ಮುದುಕಿಯ ಕಾಲು ತುಳಿದಳು, ಬಿಡಮ್ಮ, ಕಾಲಿರೋದೇ ತುಳಿಸ್ಕೊಳ್ಳೋಕೆ, ಮತ್ತೆ ತುಳಿದಳು, ಬಾರಿನ ಮುಂದೆ ಹಾಯುವಾಗ ಕ್ಲೆಟಸ್, ಏನ್ ಅರ್ಲೀನ್, ಹೊಸ ಗಂಡಾನಾ? ಹೂಂ ಕಣೋ, ನಿಂಗಿಂತ ಚೆನ್ನಾಗಿ ಕುಣೀತಾರೆ! ತೆಕ್ಲಾ ಕಿಸಕ್ಕನೆ ನಕ್ಕು ಜೋರಾಗಿ ತಿರುಗಿಸಿದಳು, ಹಿಂದಕ್ಕೆ, ಕಾಣದ ಕಡೆಗೆ, ಹಿಂದಕ್ಕೆ ಹೋಗುವುದು ಬೀಳುವುದಲ್ಲ ಅಂತ ಕಾಲಿಗೆ ಮೆಲ್ಲಗೆ ನಂಬಿಕೆ ಬಂತು, ಲಂಗ ಸುತ್ತಲೂ ಎದ್ದು ಹರಡಿತು, ಕಿಟಕಿ ಹಾದುಹೋಯಿತು, ಬ್ಯಾಂಡು ಹಾದುಹೋಯಿತು, ಹೆರಾಲ್ಡ್ ಕುರ್ಚಿಯಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತಿರುವುದು ಹಾದುಹೋಯಿತು, ಆಮೇಲೆ ನೆಲದ ನಡುವೆ ವಾಂಡಾ, ಒಬ್ಬಳೇ, ಈಗ ತಾನೇ ಯಾರೋ ಬಂದು ಹಿಡಿಯುತ್ತಾರೆಂಬ ಹಾಗೆ ಎರಡೂ ತೋಳು ಎತ್ತಿ ಹಿಡಿದು ಇತ್ತಲೇ ನೋಡುತ್ತಾ — ಬರ್ತೀನಿ ಇರೇ, ಇದು ಮುಗೀಲಿ, ಮುಗಿಯುವವರೆಗೆ ಇಲ್ಲ — ಕಿಟಕಿ, ಬ್ಯಾಂಡು, ಕುರ್ಚಿ, ಮತ್ತೆ ಆ ತೋಳುಗಳು, ಕಿಟಕಿ, ಬ್ಯಾಂಡು, ಮತ್ತೆ, ನಡುವೆ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ಎತ್ತಿಯೇ ಇರುವ ಆ ಎರಡು ಕೆಂಪು ತೋಳುಗಳು.