ಕುರ್ಚಿಗೆ ದಿನಕ್ಕೊಬ್ಬರು

ಅತ್ತಿಗೆ ನಮ್ಮ ಮನೆಗೆ ಬಂದ ಮೂರನೆಯ ವಾರ, ಪಾತ್ರೆ ತೊಳೆಯುತ್ತಾ, ಹಿಂದೆ ತಿರುಗಿಯೂ ನೋಡದೆ, ಅಜ್ಜಿಗೆ ಒಬ್ಬ ಮನುಷ್ಯನನ್ನು ಕೊಟ್ಟಳು.

"ಅಜ್ಜಿ, ಒಬ್ಬ ಇದ್ದಾನೆ. ಯಾರ ಮನೆಗೆ ಹೋದ್ರೂ ಅವರ ಗಡಿಯಾರನ ಐದು ನಿಮಿಷ ಹಿಂದಕ್ಕೆ ತಿರುಗಿಸಿ ಬರ್ತಾನೆ. ಯಾಕೆ ಗೊತ್ತಾ? ಅವನು ಹುಟ್ಟಿದಾಗಿನಿಂದ ಐದು ನಿಮಿಷ ತಡ. ಊರಲ್ಲಿರೋ ಗಡಿಯಾರ ಎಲ್ಲಾ ತಿರುಗಿಸಿ ಮುಗಿಸಿದ ದಿನ ತಾನು ಸರಿಯಾದ ಹೊತ್ತಿಗೆ ಬಂದ ಹಾಗಾಗುತ್ತೆ ಅಂತ."

ಅಜ್ಜಿಯ ಭುಜಗಳು ಕುಲುಕಿದವು. ನಗು ಗಂಟಲಿಗೆ ಬರುವ ಮೊದಲು ಅವಳ ಭುಜಕ್ಕೆ ಬರುತ್ತದೆ. "ಕೂರಿಸು ಅವನನ್ನ, ಕೂರಿಸು!" ಎಂದಳು.

ನನ್ನ ಕೈಯಲ್ಲಿ ಒರೆಸುತ್ತಿದ್ದ ತಟ್ಟೆ ಇತ್ತು. ಅದನ್ನು ಒಡೆಯಲಿಲ್ಲ ಎಂಬುದೇ ನನ್ನ ಸಂಸ್ಕಾರಕ್ಕೆ ಸಾಕ್ಷಿ.

ಆ ಆಟ ನನ್ನದು. ನನ್ನದು ಮತ್ತು ಅಜ್ಜಿಯದು. ನನ್ನ ಮುಂದಿನ ಹಲ್ಲು ಬಿದ್ದ ವರ್ಷದವರೆಗೆ ಅಜ್ಜಿ ನನಗೆ ಕತೆ ಹೇಳಿದ್ದಳು. ರಾಕ್ಷಸರು, ಏಳು ಮಂದಿ ಸೊಸೆಯರು, ಬಾವಿಯೊಳಗೆ ಅಂಗಡಿ ಇಟ್ಟವನು. ಒಂದು ಸಂಜೆ ಹಠಾತ್ತನೆ, "ನನ್ನ ಹತ್ತಿರ ಇದ್ದವರೆಲ್ಲ ಮುಗಿದ್ರು. ಇನ್ನು ನೀನೇ ಯಾರನ್ನಾದ್ರೂ ಕರ್ಕೊಂಡು ಬಾ" ಎಂದು ಮಂಚದ ಎದುರಿಗೆ ಮರದ ಕುರ್ಚಿಯೊಂದನ್ನು ಎಳೆದು ಹಾಕಿದಳು. ಅಂದಿನಿಂದ ಪ್ರತಿ ಸಂಜೆ ಆ ಕುರ್ಚಿಗೆ ನಾನು ಒಬ್ಬರನ್ನು ಹುಟ್ಟಿಸಿ ತರಬೇಕು. ಅವಳಿಗೆ ಹಿಡಿಸಿದರೆ "ಕೂರಿಸು" ಎನ್ನುತ್ತಾಳೆ, ದಿಂಬಿನಡಿಯ ಗುಂಡಿಚೀಲದಿಂದ ತಗಡಿನ ಡಬ್ಬಿಗೆ ಬಟ್ಟೆಯ ಒಂದು ಗುಂಡಿ ಬೀಳುತ್ತದೆ. ಹಿಡಿಸದಿದ್ದರೆ "ಕಳಿಸಿಬಿಡು" ಎನ್ನುತ್ತಾಳೆ, ಪಾಪದ ಆ ಜೀವ ಬಂದ ಬಾಗಿಲಲ್ಲೇ ವಾಪಸ್ಸು. ನಿಯಮ ಒಂದೇ: ನಿಜವಾಗಿ ಇರುವವರನ್ನು ತರಬಾರದು. "ಇರೋರಿಗೆ ಅವರವರ ಕಷ್ಟವೇ ಸಾಕು, ನಾವು ಬೇರೆ ಯಾಕೆ ಕರೆಸಬೇಕು?" ಎಂಬುದು ಅಜ್ಜಿಯ ವಾದ.

ಮೊದಲು ದಿನಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಕಳೆದ ಚಳಿಗಾಲ ಅಜ್ಜಿಯ ಎದೆಗೆ ಕಫ ಕಟ್ಟಿ, ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬೇಗ ದಣಿಯತೊಡಗಿದಳು. "ದಿನಕ್ಕೊಬ್ಬರು ಸಾಕು ಕಣೇ. ತಲೆಯಲ್ಲಿ ಜಾಗ ಕಮ್ಮಿ" ಎಂದಳು.

ಈಗ ತಿಳಿಯಿತಲ್ಲ. ಒಂದೇ ಕುರ್ಚಿ, ದಿನಕ್ಕೆ ಒಬ್ಬರು. ಅತ್ತಿಗೆಯವನು ಕೂತರೆ ನನ್ನವನು ನಿಲ್ಲಬೇಕು.

ನಾನು ಬಟ್ಟೆ ಒಗೆದುಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮುಂದೆ ಕೌಂಟರು, ಹಿಂದೆ ಉಗಿಯಂತ್ರ, ನಡುವೆ ಉದ್ದುದ್ದ ಸರಳಿಗೆ ತೂಗುಬಿದ್ದ ಜನರಿಲ್ಲದ ಕೋಟುಗಳು. ಒಳಗೆ ಕಳಿಸುವ ಮುನ್ನ ಪ್ರತಿ ಬಟ್ಟೆಯ ಜೇಬನ್ನೂ ನಾನೇ ತಡಕಬೇಕು. ಸಿಕ್ಕಿದ್ದನ್ನು ಲಕೋಟೆಗೆ ಹಾಕಿ, ಚೀಟಿ ನಂಬರು ಬರೆದು, ತೊಳೆದ ಬಟ್ಟೆಗೇ ಪಿನ್ನು ಚುಚ್ಚಿ ಹಿಂದಿರುಗಿಸಬೇಕು. "ನೋಡಬೇಡ, ಓದಬೇಡ, ಮೂಸಬೇಡ" ಎಂದು ಯಜಮಾನಿ ಮೊದಲ ದಿನವೇ ಹೇಳಿದ್ದರು. ಮೂರನೆಯದು ಯಾಕೆಂದು ಒಂದೇ ವಾರದಲ್ಲಿ ಗೊತ್ತಾಯಿತು.

ನನ್ನ ಜನರೆಲ್ಲ ಬರುತ್ತಿದ್ದುದು ಅಲ್ಲಿಂದಲೇ. ಆದರೆ ಪ್ರಾಮಾಣಿಕವಾಗಿ ಬರುತ್ತಿದ್ದರು: ಕಲೆಯನ್ನು ಮಾತ್ರ ತೆಗೆದುಕೊಂಡು ಕಲೆಯ ಯಜಮಾನನನ್ನು ಬಿಟ್ಟುಬಿಡುತ್ತಿದ್ದೆ. ಮೊಣಕೈಗೆ ಮಾತ್ರ ಶಾಯಿ ಹತ್ತಿದ ಅಂಗಿಯಿಂದ, ಮೊಣಕೈಯಲ್ಲಿ ಬರೆಯುವ ಗುಮಾಸ್ತೆ. ಎರಡು ಜೇಬೂ ಹೊಲಿದು ಮುಚ್ಚಿದ್ದ ಪ್ಯಾಂಟಿನಿಂದ, ತನ್ನ ಕೈಗಳನ್ನು ನಂಬದ ಕಳ್ಳ. ಒಬ್ಬೊಬ್ಬರಿಗೂ ದಿನವಿಡೀ ಬೆವರು ಸುರಿಸಿದ್ದೇನೆ.

ಅತ್ತಿಗೆ? ಅವಳು ಹಲ್ಲಿನ ಡಾಕ್ಟರ ಬಳಿ ಬಂದವರ ಹೆಸರು ಬರೆದುಕೊಂಡು ಒಳಗೆ ಬಿಡುವ ಕೆಲಸದವಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಎಲ್ಲಿಂದ ಬರ್ತಾರೆ ಇವರೆಲ್ಲ ನಿಂಗೆ?"

"ಯಾರು?"

"ಗಡಿಯಾರದವನು. ನಿನ್ನೆಯ ಛತ್ರಿ ಅವಳಿಜವಳಿ."

"ಗೊತ್ತಿಲ್ಲಪ್ಪ. ಪಾತ್ರೆ ತೊಳೀತಿದ್ದಾಗ ಬಂದ್ರು." ಅವಳು ಸೋಪಿನ ಕೈಯಿಂದಲೇ ಕೂದಲು ಹಿಂದಕ್ಕೆ ತಳ್ಳಿದಳು. "ಯಾಕೆ ನಾದಿನಮ್ಮ, ಮುಖ ಯಾಕೆ ಊದಿಸ್ಕೊಂಡಿದ್ದೀರಾ? ಹಲ್ಲುನೋವಾ? ಡಾಕ್ಟರ ಹತ್ತಿರ ಹೇಳಿ ಬೇಗ ಒಳಗೆ ಬಿಡಿಸ್ತೀನಿ."

ಮರುದಿನದಿಂದ ಪಾತ್ರೆಯನ್ನೆಲ್ಲ ನಾನೇ ತೊಳೆದೆ. ನಾಲ್ಕು ದಿನ. ಕೈ ಬಿರಿಯಿತೇ ಹೊರತು ಯಾರೂ ಬರಲಿಲ್ಲ. ಅತ್ತಿಗೆ ಆರಾಮವಾಗಿ ಕೂತು ಉಗುರು ಕತ್ತರಿಸುತ್ತಾ, ಕನ್ನಡಿಗೆ ಬಾಡಿಗೆ ಕೊಡುವ ಮುದುಕಿಯನ್ನು ಹುಟ್ಟಿಸಿದಳು. ಹನ್ನೊಂದು ಸಂಜೆಗಳಲ್ಲಿ ಒಂಬತ್ತು ಗುಂಡಿ ಅವಳದು. ಆ ಗುಂಡಿಗಳನ್ನು ಅಂಗಡಿಯಿಂದ ಆಯ್ದು ತಂದವಳು ನಾನು! ತಿಂಗಳಾದರೂ ಯಾರೂ ಕೇಳದ ಗುಂಡಿಗಳನ್ನು ಯಜಮಾನಿ ನನಗೆ ಕೊಡುತ್ತಿದ್ದರು. ನಾನು ತಂದ ಗುಂಡಿ, ನನ್ನ ಅಜ್ಜಿಯ ಕೈಯಿಂದ, ಅವಳ ಜನರಿಗೆ ಬೀಳುವ ಸದ್ದನ್ನು ಕೇಳುತ್ತಾ ನಿಲ್ಲುವುದು ಹೇಗಿರುತ್ತದೆ ಎಂದು ಶತ್ರುವಿಗೂ ಗೊತ್ತಾಗುವುದು ಬೇಡ.

ಹನ್ನೆರಡನೆಯ ದಿನ ಬಂದದ್ದು ಕಂದು ಕೋಟು. ತಂದವರು ಲಿಫ್ಟ್ ರಿಪೇರಿ ಮಾಡುವವರು. ಎತ್ತರದ ಆಳು, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ಅಭ್ಯಾಸವಾಗಿ ಬೆನ್ನೇ ಬಾಗಿಹೋಗಿತ್ತು. ಒಳಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಚೀಟಿ. ನೋಡಬಾರದಿತ್ತು. ನೋಡಿದೆ.

ಮೊದಲೇ ಕೆಮ್ಮಬೇಡ.
ಮಳೆ ಬಿಸಿಲಿನ ವಿಷಯ ಎತ್ತಬೇಡ.
ನಾನೇ ಮಾತಾಡ್ತಿರೋದು ಅನ್ನು. ಹೆಸರು ಹೇಳು, ಮರೆತಿರಬಹುದು.
ತಪ್ಪಾಯ್ತು ಅನ್ನು. ಯಾಕೆ ಅಂತ ವಿವರಿಸಬೇಡ.
ಅವಳು ಸುಮ್ಮನಿದ್ದರೆ ಹತ್ತರವರೆಗೆ ಎಣಿಸು. ಇಟ್ಟುಬಿಡಬೇಡ.

ಓದಿ ಮುಗಿಸುವಷ್ಟರಲ್ಲಿ ಉಗಿಯಂತ್ರದ ಸದ್ದು ಕೂಡ ಕೇಳಿಸದಾಯಿತು. ಹುಟ್ಟಿಸುವುದು ಏನೂ ಉಳಿದಿರಲಿಲ್ಲ. ಚೀಟಿಯನ್ನು ಲಕೋಟೆಗೆ ಹಾಕುವ ಬದಲು ನನ್ನ ನೋಟುಬುಕ್ಕಿನೊಳಗೆ ಇಟ್ಟೆ, ಸಂಜೆ ಒಮ್ಮೆ ನೋಡಿಕೊಂಡು ಬೆಳಗ್ಗೆ ತಂದು ಹಾಕಿದರಾಯಿತು ಎಂದು.

"ಅಜ್ಜಿ, ಒಬ್ಬ ಇದ್ದಾನೆ" ಎಂದೆ ಮನೆಗೆ ಬಂದವಳೇ, ಚಪ್ಪಲಿಯನ್ನೂ ಬಿಡದೆ. "ಫೋನಲ್ಲಿ ಏನು ಮಾತಾಡಬೇಕು ಅಂತ ಬರ್ಕೊಂಡು ಓಡಾಡೋ ಮನುಷ್ಯ."

ಒಂದೊಂದೇ ಸಾಲು ಹೇಳಿದೆ. ಅಜ್ಜಿ ನಗಲಿಲ್ಲ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದಳು. 'ಹತ್ತರವರೆಗೆ ಎಣಿಸು' ಎಂದಾಗ ಅವಳ ತುಟಿ ಕೂಡ ಎಣಿಸಿತು. ಆಮೇಲೆ ಗುಂಡಿಚೀಲಕ್ಕೆ ಕೈ ಹಾಕಿ, ಎಷ್ಟೋ ವರ್ಷದಿಂದ ಯಾರಿಗೂ ಕೊಡದೆ ಬೇರೆ ಇಟ್ಟಿದ್ದ ದೊಡ್ಡ ಹಿತ್ತಾಳೆ ಗುಂಡಿಯನ್ನು ಹುಡುಕಿ ತೆಗೆದು ಟಣ್ಣೆಂದು ಡಬ್ಬಿಗೆ ಹಾಕಿದಳು.

"ಎಂಥಾ ಜೀವ ತಂದೆಯೇ! ಕೂರಿಸು. ಮೆತ್ತಗೆ ಕೂರಿಸು."

ನಾನು ಅತ್ತಿಗೆಯ ಮುಖ ನೋಡಿದೆ. ಅವಳು ಖುಷಿಯಿಂದ, "ಅಯ್ಯೋ, ಎಷ್ಟು ಚೆನ್ನಾಗಿದ್ದಾನೆ!" ಎಂದಳು. ಅದೇ ಅವಳಲ್ಲಿ ನನಗೆ ಸೇರದ್ದು. ಸರಿಯಾಗಿ ಹೊಟ್ಟೆ ಉರಿದುಕೊಳ್ಳಲೂ ಬಾರದವಳು.

ಮರುದಿನ ಸಂಜೆ ಹೊಸಬರನ್ನು ಕರೆಯುವ ಮೊದಲೇ ಅಜ್ಜಿ ಕೇಳಿದಳು: "ಫೋನ್ ಎತ್ತಿದಳಾ?"

"ಯಾರು?"

"ಅವಳೇ, ಆ ಕಡೆಯವಳು."

"ಇನ್ನೂ ಇಲ್ಲ ಅಜ್ಜಿ. ಇವನು ಮಾಡ್ಬೇಕಲ್ಲ."

ಅದರ ಮರುದಿನ ಮತ್ತೆ ಅದೇ. ನಾಲ್ಕನೆಯ ದಿನವೂ ಅದೇ. ಕುರ್ಚಿ ಪೂರ್ತಿ ನನ್ನದಾಗಿತ್ತು, ಅತ್ತಿಗೆಗೆ ಜಾಗವೇ ಇರಲಿಲ್ಲ. ಆದರೆ ಕೂತವನಿಂದ ಒಂದು ಮಾತು ಹೊರಡಿಸಲು ನನಗೆ ಆಗುತ್ತಿರಲಿಲ್ಲ. ಅವಳು ಅತ್ತಳು ಎಂದು ಹೇಳಲು ಬಾಯಿ ತೆರೆದರೆ ಆ ಬಾಗಿದ ಬೆನ್ನು ಕಣ್ಣಮುಂದೆ ಬರುತ್ತಿತ್ತು. ಫೋನ್ ಇಟ್ಟುಬಿಟ್ಟಳು ಎನ್ನಲು ಇನ್ನೂ ಭಯ. ಮೊಣಕೈ ಗುಮಾಸ್ತೆಯನ್ನು ಬೇಕಾದರೆ ಮಹಡಿಯಿಂದ ತಳ್ಳಬಲ್ಲೆ. ಇವನ ಒಂದು ಕೂದಲನ್ನು ಸರಿಸಲೂ ನನಗೆ ಹಕ್ಕಿರಲಿಲ್ಲ.

ಈ ಗಡಿಬಿಡಿಯಲ್ಲಿ ಚೀಟಿ ಹಿಂದಿರುಗಿಸುವುದು ಮರೆತೇಹೋಯಿತು. ಕೋಟು ಲಕೋಟೆಯಿಲ್ಲದೆ ಹೊರಟುಹೋಗಿತ್ತು.

ಆರನೆಯ ದಿನ ಮಧ್ಯಾಹ್ನ ಅವರು ಕೌಂಟರಿಗೆ ಬಂದರು, ಅದೇ ಕೋಟು ತೊಟ್ಟು.

"ಇದರಲ್ಲಿ ಒಂದು ಚೀಟಿ ಇತ್ತಾ, ತಂಗಿ? ಸಣ್ಣದು. ಮಡಿಸಿದ್ದು."

ಪಕ್ಕದಲ್ಲೇ ಯಜಮಾನಿ ಇದ್ದರು. "ಇರಲಿಲ್ಲ ಸರ್."

"ನೀರಲ್ಲಿ ಹೋಗಿರಬೇಕು ಬಿಡಿ." ಅವರು ಖಾಲಿ ಒಳಜೇಬನ್ನು ಎರಡು ಸಲ ತಟ್ಟಿ ನೋಡಿಕೊಂಡರು. "ಬರೆಯೋಕೆ ಒಂದು ತಿಂಗಳು ಹಿಡಿದಿತ್ತು. ಇರಲಿ."

ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದರು. ನಮ್ಮ ಬಾಗಿಲು ಸಾಕಷ್ಟು ಎತ್ತರವಾಗಿಯೇ ಇದೆ.

ಆ ಸಂಜೆಯೂ ಅಜ್ಜಿ ಮರೆಯಲಿಲ್ಲ. "ಫೋನ್ ಎತ್ತಿದಳಾ?" ಎಂದಳು. ನಾನು ಕುರ್ಚಿಯ ಕಾಲಿನ ಧೂಳು ಒರೆಸತೊಡಗಿದೆ.

"ನಾನು ಹೇಳ್ಲಾ?" ಎಂದಳು ಅತ್ತಿಗೆ.

ನಾನು ಬೇಡ ಎನ್ನುವ ಮೊದಲೇ ಅಜ್ಜಿ ದಿಂಬಿಗೆ ಒರಗಿ ಸಿದ್ಧಳಾಗಿದ್ದಳು.

"ಎತ್ತಿದಳು ಅಜ್ಜಿ. ಇವನು ಕೆಮ್ಮಲಿಲ್ಲ. ಹೆಸರು ಹೇಳಿದ. ತಪ್ಪಾಯ್ತು ಅಂದ. ಆ ಕಡೆ ಸದ್ದೇ ಇಲ್ಲ. ಇವನು ಎಣಿಸ್ತಾನೆ, ಒಂದು, ಎರಡು, ಏಳು, ಎಂಟು. ಆಗ ಆ ಕಡೆಯಿಂದ ಕಾಗದ ಬಿಡಿಸೋ ಸದ್ದು ಕೇಳಿಸುತ್ತೆ, ಪರಪರ ಅಂತ."

"ಕಾಗದ?"

"ಹ್ಞೂಂ. ಅವಳೂ ಬರ್ಕೊಂಡಿದ್ದಾಳೆ. ಎಷ್ಟೋ ವರ್ಷದಿಂದ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದಾಳೆ. ಅದರ ಮೊದಲನೇ ಸಾಲು: ಅವನು ಮಾತಾಡಿದ್ರೆ ಹತ್ತರವರೆಗೆ ಎಣಿಸು."

ಅಜ್ಜಿಯ ಭುಜ ಕುಲುಕಿತು, ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು, ನೀರಿನ ಹಿಂದೆ ಕೆಮ್ಮು. ಅತ್ತಿಗೆ ಬೆನ್ನು ಸವರಿದಳು. "ಅಯ್ಯೋ ನನ್ನ ಬಂಗಾರ, ಅಯ್ಯೋ" ಎನ್ನುತ್ತಾ ಅಜ್ಜಿ ಅವಳ ಕೆನ್ನೆ ಹಿಡಿದುಕೊಂಡಳು. ಬಂಗಾರ ಎಂಬುದು ಅಜ್ಜಿ ನನಗೆ ಇಟ್ಟ ಹೆಸರು.

"ಸುಳ್ಳು!" ಎಂದು ಕಿರುಚಿದ್ದು ನಾನೇ. "ಅವಳು ಹೇಳಿದ್ದೆಲ್ಲ ಸುಳ್ಳು. ಅವನು ಇದ್ದಾನೆ! ನಿಜವಾಗ್ಲೂ ಇದ್ದಾನೆ, ಲಿಫ್ಟ್ ರಿಪೇರಿ ಮಾಡ್ತಾನೆ, ಚೀಟಿ ನನ್ನ ಹತ್ತಿರ ಇದೆ, ಅವನಿನ್ನೂ ಫೋನೇ ಮಾಡಿಲ್ಲ!"

ಅತ್ತಿಗೆಯನ್ನು ಬೀಳಿಸಲು ಎಸೆದ ಕಲ್ಲು ಎಲ್ಲಿ ಬಿತ್ತೆಂದು ಎಸೆದ ಮೇಲೆಯೇ ಗೊತ್ತಾಯಿತು. ನೋಟುಬುಕ್ಕಿನಿಂದ ಚೀಟಿ ತೆಗೆದು ತೋರಿಸಿದೆ. ಅಜ್ಜಿ ಅದನ್ನು ಓದಲಿಲ್ಲ. ಮುಟ್ಟಲೂ ಇಲ್ಲ. ಖಾಲಿ ಕುರ್ಚಿಯ ಕಡೆಗೆ ತಿರುಗಿದಳು.

"ಎಷ್ಟು ದಿನದಿಂದ ಇವರನ್ನ ಇಲ್ಲಿ ಕೂರಿಸಿಕೊಂಡಿದ್ದೀವಿ?"

"ಆರು ದಿನ."

"ಪಾಪ. ಮನೇಲಿ ಎಷ್ಟು ಕೆಲಸ ಇತ್ತೋ ಏನೋ." ಡಬ್ಬಿಯಲ್ಲಿ ಕೈಯಾಡಿಸಿ ಹಿತ್ತಾಳೆ ಗುಂಡಿಯನ್ನು ಹುಡುಕಿ ಹೊರಗಿಟ್ಟಳು. "ಹೋಗಿ ಬಿಟ್ಟು ಬಾ."

ಮರುದಿನ ಯಜಮಾನಿಗೆ ಎಲ್ಲವನ್ನೂ ಹೇಳಿದೆ. ಬೈದರು, ಹೊಟ್ಟೆ ತುಂಬುವಷ್ಟು. ಆಮೇಲೆ ಪುಸ್ತಕ ತೆಗೆದು ವಿಳಾಸ ತೋರಿಸಿದರು. ಲಿಫ್ಟ್ ರಿಪೇರಿಯವರ ಮನೆ ನಾಲ್ಕನೆಯ ಮಹಡಿಯಲ್ಲಿ. ಅವರ ಕಟ್ಟಡದ ಲಿಫ್ಟಿಗೆ 'ಕೆಟ್ಟಿದೆ' ಎಂಬ ರಟ್ಟಿನ ಬೋರ್ಡು ತೂಗುಹಾಕಿತ್ತು. ಏದುಸಿರು ಬಿಡುತ್ತಾ ಹತ್ತಿ, ಬಾಗಿಲು ತಟ್ಟಿ, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

"ನೀರಲ್ಲಿ ಹೋಗಿರಲಿಲ್ಲ ಸರ್. ನಾನು ಇಟ್ಕೊಂಡಿದ್ದೆ. ಸುಳ್ಳು ಹೇಳಿದೆ."

ಅವರು ಬಿಡಿಸಿ, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು, ಬೇರೆ ಯಾರೋ ಬರೆದದ್ದೆಂಬಂತೆ.

"ನಿನ್ನೆ ಇದಿಲ್ಲದೇನೇ ಮಾಡಿದೆ" ಎಂದರು.

"ಎತ್ತಿದ್ರಾ?" ಬಾಯಿಂದ ಜಾರಿಹೋಯಿತು.

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಹಾಗಾದ್ರೆ ಓದಿದ್ದೀಯ."

"ಹೌದು ಸರ್."

"ಸರಿ. ಅರ್ಧ ನಿಂಗೆ ಗೊತ್ತಾಯ್ತು." ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಿಸಿದರು. "ಉಳಿದರ್ಧ ನಂಗೆ ಇರಲಿ, ಆಯ್ತಾ?"

ಬಾಗಿಲು ಮೆಲ್ಲಗೆ ಮುಚ್ಚಿತು. ಸದ್ದು ಮಾಡಿ ಮುಚ್ಚಿದ್ದರೇ ಚೆನ್ನಾಗಿತ್ತು.

ಇಳಿಯುವಾಗ ಮತ್ತೆ ಆ ಬೋರ್ಡು ಕಂಡಿತು. ಲಿಫ್ಟಿನ ಗುಂಡಿಯನ್ನು ಸುಮ್ಮನೆ ಒತ್ತಿದೆ. ಅದು ಘುರ್ರೆಂದು ಬಂದು, ದೀಪ ಹೊತ್ತಿಸಿಕೊಂಡು, ಬಾಗಿಲು ತೆರೆಯಿತು. ಏನೂ ಕೆಟ್ಟಿರಲಿಲ್ಲ. ಯಾರೋ ಬೋರ್ಡು ತೆಗೆಯುವುದನ್ನು ಮರೆತಿರಬೇಕು. ಅಥವಾ ಬೇಕೆಂದೇ ಹಾಕಿರಬೇಕು. ನಾನು ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟೆ.

ಸಂಜೆ ಅಜ್ಜಿ ನನ್ನನ್ನು ಏನೂ ಕೇಳಲಿಲ್ಲ. ಎಂಜಲು ತಟ್ಟೆಗಳೆದುರು ನಾನೇ ನಿಂತಿದ್ದೆ, ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಅಜ್ಜಿ, ಒಬ್ಬಳು ಇದ್ದಾಳೆ" ಎಂದೆ. "ಅವಳ ಚೀಲದಲ್ಲಿ ಯಾವಾಗ್ಲೂ ಒಂದಷ್ಟು ಬೋರ್ಡು. 'ಕೆಟ್ಟಿದೆ' ಅಂತ ಬರೆದಿರೋದು. ತನಗೆ ಇಷ್ಟವಾದದ್ದಕ್ಕೆಲ್ಲ ತೂಗುಹಾಕ್ತಾಳೆ, ಬೇರೆ ಯಾರೂ ಮುಟ್ಟಬಾರದು ಅಂತ. ಪಾರ್ಕಲ್ಲಿ ನೆರಳಿರೋ ಬೆಂಚಿಗೆ. ಬಸ್ಸಲ್ಲಿ ಕಿಟಕಿ ಸೀಟಿಗೆ. ಚೆನ್ನಾಗಿ ಹಾಡೋ ಒಬ್ಬಳ ಕೊರಳಿಗೂ, ಅವಳು ನಿದ್ದೆ ಮಾಡ್ತಿದ್ದಾಗ."

"ಆಮೇಲೆ?"

"ಊರಿಗೆ ಊರೇ ನಂಬಿಬಿಡ್ತು. ಬೆಂಚಿಗೆ ಯಾರೂ ಬರಲ್ಲ, ಹಾಡನ್ನ ಯಾರೂ ಕೇಳಲ್ಲ. ಎಲ್ಲ ಅವಳದೇ. ಒಬ್ಬಳೇ ಕೂತು ಕೂತು ಕೊನೆಗೆ ಅವಳಿಗೇ ಅನುಮಾನ ಬಂತು, ನಿಜವಾಗ್ಲೂ ಕೆಟ್ಟಿರಬಹುದಾ ಅಂತ."

"ಕೊನೇ ಬೋರ್ಡು ಎಲ್ಲಿ ಹಾಕಿದಳು?"

ನಾನು ಕೈಯಲ್ಲಿದ್ದ ತಟ್ಟೆಯನ್ನು ತೊಳೆದಿಟ್ಟೆ. "ಒಂದು ಕುರ್ಚಿಗೆ."

ಅಜ್ಜಿ ಎದುರಿನ ಕುರ್ಚಿ ನೋಡಿದಳು, ಆಮೇಲೆ ನನ್ನನ್ನು.

"ಇವಳು ಇರೋವಳಾ?"

"ಇಲ್ಲ."

"ಸುಳ್ಳು ಬೊಗಳಬೇಡ."

"ಸ್ವಲ್ಪ ಇದ್ದಾಳೆ."

"ಸ್ವಲ್ಪ ಇದ್ರೆ ಪರವಾಗಿಲ್ಲ" ಎಂದಳು ಅಜ್ಜಿ. ಗುಂಡಿಚೀಲಕ್ಕೆ ಕೈ ಹಾಕಿ ತೆಗೆದದ್ದು ಅಂಗಿಯ ಒಂದು ಬಿಳಿ ಗುಂಡಿ, ಅಂಚು ಮುಕ್ಕಾದದ್ದು. ಅದನ್ನೇ ಡಬ್ಬಿಗೆ ಹಾಕಿದಳು. "ಕೂರಿಸು. ಬೋರ್ಡು ಹೊರಗೆ ಇಟ್ಟು ಬಾ ಅನ್ನು."

ಆಗ ನೋಡಿದೆ. ಅತ್ತಿಗೆಯ ಕೈಯಲ್ಲಿ ಅಣ್ಣನ ಅಂಗಿ ಅರ್ಧ ಮಡಿಕೆಯಲ್ಲಿ ನಿಂತುಬಿಟ್ಟಿತ್ತು. ಈ ಸಲ ಅವಳು "ಎಷ್ಟು ಚೆನ್ನಾಗಿದ್ದಾಳೆ" ಎನ್ನಲಿಲ್ಲ. ತುಟಿ ಬಿಗಿದಿತ್ತು, ಮೂಗಿನ ತುದಿ ಸ್ವಲ್ಪ ಕೆಂಪಾಗಿತ್ತು. ಆ ಬಣ್ಣ ನನಗೆ ಚೆನ್ನಾಗಿ ಪರಿಚಯ. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ. ಬಂದ ದಿನದಿಂದ ಮೊದಲ ಬಾರಿಗೆ ಅವಳು ನಮ್ಮ ಮನೆಯವಳಂತೆ ಕಂಡಳು.

"ಎಲ್ಲಿ ಸಿಕ್ಕಿದಳು ಇವಳು ನಿಂಗೆ?" ಎಂದಳು, ಏನೂ ಇಲ್ಲದವಳ ಹಾಗೆ.

"ಗೊತ್ತಿಲ್ಲಪ್ಪ" ಎಂದೆ, ಸೋಪಿನ ಕೈಯಿಂದ ಕೂದಲು ಹಿಂದಕ್ಕೆ ತಳ್ಳಿ. "ಪಾತ್ರೆ ತೊಳೀತಿದ್ದಾಗ ಬಂದಳು."